ಮೆಬಿನ್‌ನ ಗುರುವಾರಗಳು

2005ರ ಬೇಸಿಗೆಯಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಮೆಬಿನ್ ಎಂಬ ಸಣ್ಣ ಊರಿನ ಒಂದು ಮನೆಗೆ ಮೂವರು ಎಳೆಯ ಸಂಗೀತಗಾರರು ಗುರುವಾರ ಬಂತೆಂದರೆ ಹಾಜರಾಗುತ್ತಿದ್ದರು. ಮನೆಯ ಹಿರಿಯ ಜೋ ಥಾಂಪ್ಸನ್ ಅವರಿಗೆ ಆಗ 86 ವರ್ಷ. ಊರಿನ ಪೀಠೋಪಕರಣ ಕಾರ್ಖಾನೆಯಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾದವರು. ಪಾರ್ಶ್ವವಾಯು ಬಡಿದ ಮೇಲೂ ಪಿಟೀಲಿನ ಕಮಾನು ಕೆಳಗಿಡದವರು. ಅಲ್ಲಿ ಸ್ವರಲಿಪಿಯ ಪುಸ್ತಕ ತೆರೆಯುತ್ತಿರಲಿಲ್ಲ, ಪಾಠ ಎನ್ನಬಹುದಾದದ್ದೂ ನಡೆಯುತ್ತಿರಲಿಲ್ಲ. ಹಿರಿಯರು ನುಡಿಸುತ್ತಿದ್ದರು, ಬಂದವರು ಜೊತೆಗೂಡುತ್ತಿದ್ದರು.

ಮೂವರಲ್ಲಿ ಒಬ್ಬಾಕೆ ರಿಯಾನನ್ ಗಿಡೆನ್ಸ್. ಅದೇ ರಾಜ್ಯದ ಗ್ರೀನ್ಸ್‌ಬರೊದಲ್ಲಿ 1977ರಲ್ಲಿ ಹುಟ್ಟಿದವರು, ತಂದೆ ಬಿಳಿಯರು, ತಾಯಿ ಕಪ್ಪು ಜನಾಂಗದವರು. ಮೆಬಿನ್‌ಗೆ ಬರುವ ಹೊತ್ತಿಗೆ ಆಕೆ ಸಂಗೀತದಲ್ಲಿ ಪದವೀಧರೆ. ಒಹಾಯೊ ರಾಜ್ಯದ ಓಬರ್ಲಿನ್ ಕನ್ಸರ್ವೇಟರಿಯಲ್ಲಿ ಒಪೆರಾ ಗಾಯನ ಕಲಿತು 2000ದಲ್ಲಿ ಹೊರಬಂದಿದ್ದರು. ಮೈಕ್ ಇಲ್ಲದೆ ಇಡೀ ವಾದ್ಯವೃಂದದ ಮೇಲೆ ದನಿ ತೇಲಿಸುವ ಆ ವಿದ್ಯೆ ಸಾಮಾನ್ಯದ್ದಲ್ಲ. ಅಂಥವರು ಹಳ್ಳಿಯ ಹಿರಿಯರೊಬ್ಬರ ಎದುರು ಹೊಸದಾಗಿ ಅಕ್ಷರಾಭ್ಯಾಸಕ್ಕೆ ಕೂತರು. ಅಮೆರಿಕದ ಜಾನಪದ ಸಂಗೀತ ಕಲಿತ ವಿದ್ಯಾರ್ಥಿಗೆ ಸಿಗುವುದೇನು, ಅದಕ್ಕೂ ಸೃಜನಶೀಲತೆಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಗುರುವಾರಗಳನ್ನು.

ಆಕೆ ಅಲ್ಲಿಗೆ ತಲುಪಿದ ದಾರಿಯೂ ನೇರವಾದುದಲ್ಲ. ಓದು ಮುಗಿಸಿ ಊರಿಗೆ ಮರಳಿದ ಮೇಲೆ ಗಿಡೆನ್ಸ್ ಅವರನ್ನು ಸೆಳೆದದ್ದು ಕಾಂಟ್ರಾ ನೃತ್ಯ. ಎರಡು ಸಾಲಾಗಿ ಎದುರುಬದುರು ನಿಂತ ಜೋಡಿಗಳು ಕೂಗುವವರ ಸೂಚನೆಯಂತೆ ಜಾಗ ಬದಲಿಸುತ್ತ ಕುಣಿಯುವ ಊರೊಟ್ಟಿನ ಕುಣಿತವದು. ಅದರ ವಾದ್ಯಮೇಳದಲ್ಲಿ ಪಿಟೀಲು, ಬ್ಯಾಂಜೊ ಸಾಮಾನ್ಯ. (ನಮ್ಮ ಆರ್ಕೆಸ್ಟ್ರಾಗಳಲ್ಲಿ ಬ್ಯಾಂಜೊ ಎಂದು ಕರೆಯುವ, ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ ಬೇರೆಯೇ ವಾದ್ಯ. ಅಮೆರಿಕದ್ದು ಚರ್ಮ ಬಿಗಿದ ದುಂಡನೆಯ ಒಡಲು, ಉದ್ದ ಕತ್ತು, ಐದು ತಂತಿಗಳಿರುವ ವಾದ್ಯ.) ಆ ನಾದದ ಬೆನ್ನು ಹತ್ತಿದ ಗಿಡೆನ್ಸ್, ಬಹಳಷ್ಟು ಅಮೆರಿಕನ್ನರಂತೆ, ಇದು ಗುಡ್ಡಗಾಡಿನ ಬಿಳಿಯರ ಸಂಗೀತ, ತಾನು ಹೊರಗಿನಿಂದ ಬಂದವಳು ಎಂದೇ ಭಾವಿಸಿದ್ದರು. ಆ ಭಾವನೆ ಕಳಚಿದ್ದು 2005ರ ಏಪ್ರಿಲ್‌ನಲ್ಲಿ, ಬೂನ್ ಪಟ್ಟಣದ ಅಪಲೇಚಿಯನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದ ಕಪ್ಪು ಜನರ ಬ್ಯಾಂಜೊ ಸಮಾವೇಶದಲ್ಲಿ. ಅರಿಜೋನದಿಂದ ಬಂದಿದ್ದ ಡಾಮ್ ಫ್ಲೆಮನ್ಸ್ ಮತ್ತು ನಾರ್ತ್ ಕೆರೊಲಿನಾದವರೇ ಆದ ಜಸ್ಟಿನ್ ರಾಬಿನ್‌ಸನ್ ಅವರೊಡನೆ ಆಕೆಯ ಗೆಳೆತನ ಬೆಳೆದದ್ದು ಅಲ್ಲಿ. ಮುಂದೆ ಮೂವರೂ ಸೇರಿ ಕಟ್ಟಿದ ತಂಡವೇ ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್.

ಜೋ ಥಾಂಪ್ಸನ್ ಅವರದು ಪಿಟೀಲಿನ ಮನೆತನ. ತಂದೆ ನುಡಿಸುತ್ತಿದ್ದರು, ಅಣ್ಣತಮ್ಮಂದಿರು, ದಾಯಾದಿಗಳು ನುಡಿಸುತ್ತಿದ್ದರು. ಹುಡುಗನಾಗಿದ್ದಾಗ ಕೈಗೆ ಬಂದ ಮೊದಲ ಪಿಟೀಲಿಗೆ ತಂತಿಯೇ ಇರಲಿಲ್ಲವಂತೆ. ಮನೆಬಾಗಿಲಿನ ಸೊಳ್ಳೆಜಾಲರಿಯಿಂದ ತಂತಿ ಎಳೆದು ಬಿಗಿದುಕೊಂಡ ಕತೆ ಅವರ ಬಗ್ಗೆ ಬರೆದವರೆಲ್ಲ ನೆನೆಯುತ್ತಾರೆ. ಸುಗ್ಗಿ ಮುಗಿದು ಮೆಕ್ಕೆಜೋಳದ ತೆನೆ ಸುಲಿಯಲು ನೆರೆಹೊರೆಯವರು ಸೇರಿದಾಗ, ಕೆಲಸ ಮುಗಿದ ಮೇಲೆ ಕುಣಿತ. ಕಪ್ಪು ಜನರ ಮನೆಯಲ್ಲೂ ಬಿಳಿಯರ ಮನೆಯಲ್ಲೂ ಆ ಕುಟುಂಬದವರೇ ನುಡಿಸುತ್ತಿದ್ದರು. ಕಾಲ ಬದಲಾಗಿ, ಕುಣಿತದ ಮನೆಗಳು ಮುಚ್ಚಿ, ಪಿಟೀಲುಗಳು ಗೋಡೆಯ ಗೂಟ ಸೇರಿದವು. 1970ರ ದಶಕದ ಆರಂಭದಲ್ಲಿ ಕಿಪ್ ಲಾರ್ನೆಲ್ ಎಂಬ ಯುವ ಜಾನಪದ ವಿದ್ವಾಂಸ ಹುಡುಕಿಕೊಂಡು ಬಂದ ಮೇಲೆ ಥಾಂಪ್ಸನ್ ಮತ್ತು ಬ್ಯಾಂಜೊ ನುಡಿಸುತ್ತಿದ್ದ ಅವರ ದಾಯಾದಿ ಓಡೆಲ್ ಮತ್ತೆ ಜನರೆದುರು ಕೂತರು. ಓಡೆಲ್ 1994ರಲ್ಲಿ ತೀರಿಕೊಂಡರು. ಆ ಜಾಗ ಖಾಲಿ ಬಿದ್ದಿತ್ತು.

ಗಿಡೆನ್ಸ್ ಕೂತದ್ದು ಆ ಜಾಗದಲ್ಲಿ. ಪಿಟೀಲು ರಾಗವನ್ನು ಎಳೆಯುತ್ತ ಹೋದರೆ ಬ್ಯಾಂಜೊ ಕುಣಿಯುವವರ ಕಾಲಿಗೆ ನೆಲ ಹಾಸಿಕೊಡಬೇಕು. ಬಲಗೈ ಬೆರಳುಗಳನ್ನು ಮಡಿಸಿ ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆಯುವುದು, ಹಿಂದೆಯೇ ಹೆಬ್ಬೆರಳಿನಿಂದ ಗಿಡ್ಡ ಐದನೆಯ ತಂತಿಯನ್ನು ಮೀಟುವುದು. ಆ ಗಿಡ್ಡ ತಂತಿಯದು ಒಂದೇ ಸ್ವರ, ತಾಳದ ಸಂದಿಯಲ್ಲಿ ಸದಾ ಮಿಡಿಯುತ್ತಿರುತ್ತದೆ. ಕೇಳಲು ಸರಳ. ಆದರೆ ಒಂದೇ ಚರಣವನ್ನು ಕುಣಿತ ಮುಗಿಯುವವರೆಗೆ ತಿರುತಿರುಗಿ ನುಡಿಸುವಾಗ ತೋಳು ಸೋಲದಂತೆ, ಲಯ ಓಡದಂತೆ, ಪ್ರತಿ ಸುತ್ತಿನಲ್ಲೂ ಪಿಟೀಲಿನ ಸಣ್ಣ ಬದಲಾವಣೆಗೆ ಕಿವಿಗೊಟ್ಟು ಸ್ಪಂದಿಸುವುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು. ಹಿರಿಯರ ಮೊಣಕಾಲಿನ ಪಕ್ಕ ಕೂತು, ಅವರ ಭುಜ ಎತ್ತ ವಾಲುತ್ತದೆ, ಪಾದ ಯಾವಾಗ ನೆಲ ಮುಟ್ಟುತ್ತದೆ ಎಂದು ನೋಡುತ್ತಲೇ ಕಲಿಯಬೇಕು.

ಒಪೆರಾ ಶಾಲೆಯಲ್ಲಿ ಕೃತಿಯೊಂದು ಕಾಗದದ ಮೇಲೆ ಪೂರ್ಣಗೊಂಡು ನಿಂತಿರುತ್ತದೆ, ಗಾಯಕಿ ಅದಕ್ಕೆ ನ್ಯಾಯ ಸಲ್ಲಿಸಬೇಕು. ಮೆಬಿನ್‌ನಲ್ಲಿ ಕೃತಿ ಇರುವುದು ನುಡಿಸುವವರ ಮೈಯಲ್ಲಿ. ನಿನ್ನೆಯದಕ್ಕೂ ಇಂದಿನದಕ್ಕೂ ವ್ಯತ್ಯಾಸವಿದ್ದರೆ ಅದು ತಪ್ಪಲ್ಲ, ಆದರೆ ಮನಸ್ಸಿಗೆ ಬಂದಂತೆ ನುಡಿಸಿದರೂ ನಡೆಯದು. ಈ ಎರಡರ ನಡುವಿನ ಇಕ್ಕಟ್ಟಿನ ಓಣಿಯಲ್ಲಿಯೇ ಜಾನಪದ ಕಲಾವಿದರ ಸೃಜನಶೀಲತೆ ಓಡಾಡುತ್ತದೆ. ಥಾಂಪ್ಸನ್ ಅವರಿಗೆ 2007ರಲ್ಲಿ ಅಮೆರಿಕ ಸರ್ಕಾರ ತನ್ನ ಅತ್ಯುನ್ನತ ಜಾನಪದ ಗೌರವವಾದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ನೀಡಿತು. 2012ರ ಫೆಬ್ರುವರಿಯಲ್ಲಿ, 93ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗೆ ಶಿಷ್ಯರ ತಂಡದ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂದು ಒಂದು ವರ್ಷವಾಗಿತ್ತು.

ಕಲಿಕೆ ಬೆರಳಿನಿಂದ ಶುರುವಾಗಿ ಇತಿಹಾಸಕ್ಕೆ ಹೊರಳಿತು. ಇದು ನಿಜಕ್ಕೂ ಯಾರ ಸಂಗೀತ? ಬ್ಯಾಂಜೊದ ಪೂರ್ವಜರು ಪಶ್ಚಿಮ ಆಫ್ರಿಕದವರು. ಸೆನೆಗಲ್ ಮತ್ತು ಗ್ಯಾಂಬಿಯದ ಜೋಲಾ ಜನರ ಅಕೊಂಟಿಂಗ್ ಎಂಬ ವಾದ್ಯದಲ್ಲಿ ಸೋರೆಬುರುಡೆಯ ಒಡಲಿಗೆ ಚರ್ಮ ಬಿಗಿದಿರುತ್ತದೆ, ಕೋಲಿನ ಕತ್ತು ಇರುತ್ತದೆ, ಹೆಬ್ಬೆರಳಿಗೆಂದೇ ಒಂದು ಗಿಡ್ಡ ತಂತಿ ಇರುತ್ತದೆ. ಹಡಗುಗಳ ತಳದಲ್ಲಿ ಸಂಕೋಲೆ ಹಾಕಿಸಿಕೊಂಡು ಬಂದವರು ಕೆರಿಬಿಯನ್ ದ್ವೀಪಗಳಲ್ಲಿ ನೆನಪಿನಿಂದ ಅಂಥ ವಾದ್ಯಗಳನ್ನು ಮತ್ತೆ ಮಾಡಿಕೊಂಡರು. 1680ರ ದಶಕದಲ್ಲಿ ಜಮೈಕಕ್ಕೆ ಹೋಗಿದ್ದ ವೈದ್ಯ ಹ್ಯಾನ್ಸ್ ಸ್ಲೋನ್ ಅವುಗಳ ವಿವರ ಬರೆದು, ಚಿತ್ರವನ್ನೂ ಅಚ್ಚು ಹಾಕಿಸಿದ. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಕೂಡ ಈ ವಾದ್ಯವನ್ನು ಆಫ್ರಿಕದವರೇ ತಂದರೆಂದು ತನ್ನ ವರ್ಜೀನಿಯ ಕುರಿತ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಅಂದರೆ ಹದಿನೆಂಟನೆಯ ಶತಮಾನದಲ್ಲಿ ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಮರೆವು ಆಮೇಲೆ ಬಂತು, ತಾನಾಗಿ ಬರಲೂ ಇಲ್ಲ. 1840ರ ದಶಕದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಗುಲಾಮರನ್ನು ಅಣಕಿಸುವ ಮಿನ್‌ಸ್ಟ್ರಲ್ ಪ್ರದರ್ಶನಗಳು ದೇಶ ತುಂಬಿದವು. ಆ ನಟರ ಕೈಯಲ್ಲಿದ್ದದ್ದು ಇದೇ ಬ್ಯಾಂಜೊ. ವಾದ್ಯಕ್ಕೆ ಅವಮಾನದ ಮಸಿಯೂ ಅಂಟಿಕೊಂಡಿತು. 1920ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ದಕ್ಷಿಣದ ರಾಜ್ಯಗಳಿಗೆ ಬಂದಾಗ ವ್ಯಾಪಾರದ ಅನುಕೂಲಕ್ಕೆ ಸಂಗೀತವನ್ನು ಎರಡು ಪಟ್ಟಿಗಳಾಗಿ ಸೀಳಿದವು. ಕಪ್ಪು ಜನರಿಗೆ ಮಾರುವ ‘ರೇಸ್’ ತಟ್ಟೆಗಳು ಒಂದು ಕಡೆ, ಬಿಳಿಯರಿಗೆ ಮಾರುವ ‘ಹಿಲ್‌ಬಿಲಿ’ ತಟ್ಟೆಗಳು ಇನ್ನೊಂದು ಕಡೆ. ಪಿಟೀಲು ಬ್ಯಾಂಜೊ ನುಡಿಸುವ ಕಪ್ಪು ಕಲಾವಿದರು ಮೊದಲ ಪಟ್ಟಿಗೆ ಒಪ್ಪುತ್ತಿರಲಿಲ್ಲ, ಎರಡನೆಯದಕ್ಕೆ ಸೇರಿಸುತ್ತಿರಲಿಲ್ಲ. ಥಾಂಪ್ಸನ್ ಅವರಂಥ ಮನೆತನಗಳು ನೂರಾರಿದ್ದರೂ ದಾಖಲೆಯಲ್ಲಿ ಕಾಣುವುದು ಬೆರಳೆಣಿಕೆಯಷ್ಟೆ. ಬ್ಯಾಂಜೊ ಕಲಿಯಲು ಹೊರಟ ಗ್ರೀನ್ಸ್‌ಬರೊದ ಹೆಣ್ಣುಮಗಳೊಬ್ಬಳು ತನ್ನದೇ ಸೊತ್ತಿನ ಮುಂದೆ ಪರಕೀಯಳಾಗಿ ನಿಲ್ಲಬೇಕಾದದ್ದು ಹೀಗೆ. ಆಕೆಗೆ ಈ ಓದಿನಿಂದ ದಕ್ಕಿದ್ದರಲ್ಲಿ ನನಗೆ ಬಲು ದೊಡ್ಡದೆನಿಸುವುದು ಈ ತಿಳಿವಳಿಕೆ.

ಹಾಗೆಂದು ಹಾಡುಗಳು ಕೈಯಿಂದ ಕೈಗೆ ದಾಟುವುದೇ ಅಪರಾಧವಲ್ಲ. ದಾಟದಿದ್ದರೆ ಜಾನಪದ ಎಂಬುದೇ ಇಲ್ಲ. ಬಾಬ್ ಡಿಲನ್ ಅವರ ವಿದ್ಯಾರ್ಥಿ ದೆಸೆಯನ್ನು ನೋಡಿ. 1959ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಸೇರಿದ ಹುಡುಗ ತರಗತಿಗಿಂತ ಹೆಚ್ಚು ಹೊತ್ತು ಕಳೆದದ್ದು ಕಾಫಿ ಅಂಗಡಿಗಳಲ್ಲಿ ಹಳೆಯ ಹಾಡು ಹಾಡುತ್ತ, ಪರಿಚಿತರ ಮನೆಗಳಲ್ಲಿ ತಟ್ಟೆ ಕೇಳುತ್ತ. 1961ರಲ್ಲಿ ನ್ಯೂಯಾರ್ಕಿಗೆ ಬಂದು, ಆಸ್ಪತ್ರೆಯಲ್ಲಿದ್ದ ಜಾನಪದ ಗಾಯಕ ವುಡಿ ಗಥ್ರಿಯ ಮುಂದೆ ಗಥ್ರಿಯದೇ ಹಾಡುಗಳನ್ನು ಹಾಡಿದ. 1962ರ ಮೊದಲ ಧ್ವನಿಮುದ್ರಿಕೆಯಲ್ಲಿ ಇದ್ದ 13 ಹಾಡುಗಳಲ್ಲಿ ಸ್ವಂತದ್ದು ಎರಡೇ. ಮರುವರ್ಷದ ಎರಡನೆಯದರಲ್ಲಿ ಬಹುತೇಕ ಎಲ್ಲವೂ ಸ್ವಂತದ್ದು. ಅದರ ಮೊದಲ ಹಾಡಾದ ‘ಬ್ಲೋಯಿಂಗ್ ಇನ್ ದ ವಿಂಡ್’ನ ಧಾಟಿಗೆ ಮೂಲ ಗುಲಾಮಗಿರಿಯಿಂದ ಬಿಡುಗಡೆಯಾದವರ ಹಾಡೊಂದು ಎಂದು ಡಿಲನ್ ಮುಂದೆ ತಾವೇ ಒಪ್ಪಿಕೊಂಡರು. ‘ಎ ಹಾರ್ಡ್ ರೇನ್ಸ್ ಎ-ಗೊನ್ನ ಫಾಲ್’ನಲ್ಲಿ ತಾಯಿ ಪ್ರಶ್ನೆ ಕೇಳುವ, ಮಗ ಉತ್ತರಿಸುವ ಚೌಕಟ್ಟು ‘ಲಾರ್ಡ್ ರಾಂಡಲ್’ ಎಂಬ ಹಳೆಯ ಲಾವಣಿಯದು. ಗಥ್ರಿಯೂ ತನ್ನ ಅತಿ ಪ್ರಸಿದ್ಧ ಹಾಡಿಗೆ ಕಾರ್ಟರ್ ಕುಟುಂಬ ಹಾಡಿದ್ದ ಧಾಟಿಯನ್ನೇ ಎತ್ತಿಕೊಂಡಿದ್ದ. ಸಂಗೀತ ವಿದ್ವಾಂಸ ಚಾರ್ಲ್ಸ್ ಸೀಗರ್ ಇದಕ್ಕೆ ಜಾನಪದ ಪ್ರಕ್ರಿಯೆ ಎಂದು ಹೆಸರಿಟ್ಟರು. ನೂರಾರು ಹಾಡುಗಳು ನಾಲಿಗೆಯ ಮೇಲೆ ಪಳಗಿದ ಮೇಲೆ ಹೊಸ ಮಾತು ತನಗೆ ತಾನೇ ಹಳೆಯ ಧಾಟಿ ಹುಡುಕಿಕೊಂಡು ಬರುತ್ತದೆ. ಶೂನ್ಯದಿಂದ ಸೃಷ್ಟಿಸುವ ಹಟಕ್ಕೆ ಬಿದ್ದ ಎಳೆಯರಿಗೆ ಇದಕ್ಕಿಂತ ಧೈರ್ಯ ಕೊಡುವ ಮಾತು ಬೇರೆ ಇಲ್ಲವೆಂದು ನನ್ನ ನಂಬಿಕೆ.

ಆದರೆ ಪಡೆದುಕೊಂಡವರ ಹೆಸರು ಉಳಿದು ಕೊಟ್ಟವರ ಹೆಸರು ಅಳಿಸಿದಾಗ ಅದೇ ಪ್ರಕ್ರಿಯೆ ಅನ್ಯಾಯವಾಗುತ್ತದೆ. ಎಲಿಜಬೆತ್ ಕಾಟನ್ ಅವರ ಬದುಕು ಇದಕ್ಕೆ ಸಾಕ್ಷಿ. ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ಬಳಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಟ್ಟಿದ ಈಕೆ ಎಡಚಿ. ಅಣ್ಣನ ಬ್ಯಾಂಜೊವನ್ನು ಗುಟ್ಟಾಗಿ ತೆಗೆದು ತಲೆಕೆಳಗಾಗಿ ಹಿಡಿದು ಕಲಿತರು. ಎಳವೆಯಲ್ಲೇ ಮನೆಗೆಲಸ ಮಾಡಿ ಕೂಡಿಟ್ಟ ಕಾಸಿನಿಂದ ಗಿಟಾರು ಕೊಂಡು ಅದನ್ನೂ ಹಾಗೆಯೇ ನುಡಿಸಿದರು. ಹೆಬ್ಬೆರಳು ಎತ್ತರದ ಸ್ವರ ನುಡಿಸುವುದು, ಉಳಿದ ಬೆರಳುಗಳು ತಗ್ಗಿನ ಸ್ವರ ನಡೆಸುವುದು. ಲೋಕವೆಲ್ಲ ನುಡಿಸುವುದಕ್ಕೆ ಇದು ಉಲ್ಟಾ. ಇಂದು ಗಿಟಾರು ಕಲಿಯುವವರು ಆ ಶೈಲಿಯನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ, ಮನೆಯ ಹತ್ತಿರ ಹಾದುಹೋಗುತ್ತಿದ್ದ ಗೂಡ್ಸ್ ರೈಲಿನ ಮೇಲೆ ‘ಫ್ರೈಟ್ ಟ್ರೇನ್’ ಕಟ್ಟಿದರು. ಆಮೇಲೆ ಮದುವೆ, ಮಗಳು, ಚರ್ಚಿನವರ ಬುದ್ಧಿಮಾತು. ಗಿಟಾರು ಮೂಲೆ ಸೇರಿತು.

ದಶಕಗಳು ಕಳೆದವು. ವಾಷಿಂಗ್ಟನ್‌ನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸದಲ್ಲಿದ್ದಾಗ ಜನಜಂಗುಳಿಯಲ್ಲಿ ಕಳೆದುಹೋಗಿದ್ದ ಹುಡುಗಿಯೊಬ್ಬಳನ್ನು ತಾಯಿಯ ಕೈಗೆ ಮುಟ್ಟಿಸಿದರು. ಹುಡುಗಿ ಪೆಗ್ಗಿ ಸೀಗರ್, ಅದೇ ಚಾರ್ಲ್ಸ್ ಸೀಗರ್ ಅವರ ಮಗಳು. ಹಾಗೆ ಆ ಮನೆಯ ಕೆಲಸಕ್ಕೆ ಸೇರಿದವರು, ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಒಂದು ದಿನ ಇಳಿಸಿ ಹಳೆಯದನ್ನೆಲ್ಲ ನೆನಪಿಸಿಕೊಂಡರು. ದೇಶದ ಜಾನಪದ ಸಂಗೀತವನ್ನು ಕೂಡಿಹಾಕುತ್ತಿದ್ದ ಮನೆಯೊಳಗೆ ಅಂಥ ಕಲಾವಿದೆ ಅಡುಗೆ ಮಾಡಿಕೊಂಡಿದ್ದರು! ಪೆಗ್ಗಿ ಆ ಹಾಡನ್ನು ಇಂಗ್ಲೆಂಡಿಗೆ ಒಯ್ದರು, 1957ರಲ್ಲಿ ಅಲ್ಲಿ ಅದು ಬೇರೆಯವರ ದನಿಯಲ್ಲಿ ಮನೆಮಾತಾಯಿತು, ಹಕ್ಕುಪತ್ರದಲ್ಲಿ ಬೇರೆಯವರ ಹೆಸರು ಸೇರಿತು. ಕಾಟನ್ ಅವರ ಹೆಸರು ಮರಳಿ ಬರಲು ಹೋರಾಟವೇ ಬೇಕಾಯಿತು. 1985ರಲ್ಲಿ ಅವರಿಗೆ ಗ್ರ್ಯಾಮಿ ಬಂದಾಗ ವಯಸ್ಸು ತೊಂಬತ್ತರ ಆಸುಪಾಸು.

ಗಿಡೆನ್ಸ್ ಮತ್ತು ಗೆಳೆಯರು ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡರು. ಮಿನ್‌ಸ್ಟ್ರಲ್ ಪ್ರದರ್ಶನದ ಪ್ರವರ್ತಕರಲ್ಲೊಬ್ಬನಾದ ಡ್ಯಾನ್ ಎಮ್ಮೆಟ್‌ನಿಂದ ಬಂದಿದ್ದ ಒಂದು ಹಳೆಯ ವಾದ್ಯಗತ್ತು ಅವರ ಕೈಗೆ ಸಿಕ್ಕಿತು. ಎಮ್ಮೆಟ್‌ನ ಊರಾದ ಒಹಾಯೊದ ನಾಕ್ಸ್ ಕೌಂಟಿಯಲ್ಲಿ ಸ್ನೋಡನ್ ಎಂಬ ಕಪ್ಪು ಸಂಗೀತಗಾರರ ಕುಟುಂಬವಿತ್ತು. ಗತ್ತಿನ ಮೂಲ ಆ ಕುಟುಂಬದ್ದೆಂಬ ನಂಬಿಕೆಯಿಂದ ತಂಡದವರು ಅದನ್ನು ‘ಸ್ನೋಡನ್ಸ್ ಜಿಗ್’ ಎಂದು ಕರೆದರು. ಆ ಗತ್ತು ಇರುವ 2010ರ ಧ್ವನಿಮುದ್ರಿಕೆಗೇ ಮುಂದಿನ ವರ್ಷ ಗ್ರ್ಯಾಮಿ ಬಂದದ್ದು.

ಅಷ್ಟಾದ ಮೇಲೆ ಗಿಡೆನ್ಸ್ ತಮ್ಮದೇ ಹಾಡು ಬರೆಯತೊಡಗಿದರು. ಅದರ ರೀತಿಯನ್ನು ಕಾಣಲು ‘ಅಟ್ ದ ಪರ್ಚೇಸರ್ಸ್ ಆಪ್ಷನ್’ ಒಂದನ್ನು ಕೇಳಿದರೆ ಸಾಕು. ಆಕೆ ಹಳೆಯ ಪತ್ರಿಕೆಯ ಜಾಹೀರಾತೊಂದನ್ನು ಕಂಡರು. ಇಪ್ಪತ್ತೆರಡರ ಗುಲಾಮ ಹೆಣ್ಣೊಬ್ಬಳನ್ನು ಮಾರಾಟಕ್ಕಿಟ್ಟಿದ್ದರು. ಆಕೆಗೆ ಒಂಬತ್ತು ತಿಂಗಳ ಕೂಸಿದೆ, ಅದನ್ನು ಜೊತೆಗೆ ಕೊಳ್ಳುವುದು ಬಿಡುವುದು ಖರೀದಿದಾರರ ಇಷ್ಟ ಎಂದು ಕೊನೆಯಲ್ಲಿ ಒಂದು ಸಾಲು. ಆ ಸಾಲಿನೊಳಗೆ ತಾಯಿಯ ದನಿ ಇಲ್ಲ. ಹಾಡು ಅವಳಿಗೆ ದನಿ ಕೊಡುತ್ತದೆ. ಕಣ್ಣೀರು ಕರೆಸುವ ವಿಲಂಬದ ಬದಲು ಬ್ಯಾಂಜೊದ ಬಿಗಿಯಾದ ನಡೆ ಅದಕ್ಕಿದೆ, ಮತ್ತೆ ಮತ್ತೆ ಮರಳುವ ಪಲ್ಲವಿಯಿದೆ, ನಡುಬಾಗದ ಹೆಣ್ಣೊಬ್ಬಳ ನಿಲುವಿದೆ. ಮೆಬಿನ್‌ನಲ್ಲಿ ಕಲಿತ ಪುನರಾವರ್ತನೆ ಇಲ್ಲಿ ಪ್ರತಿಭಟನೆಯಾಗಿ ಕೆಲಸ ಮಾಡುತ್ತದೆ. 2017ರಲ್ಲಿ ಬಂದ ಈ ಹಾಡನ್ನು ನಾನು ಈ ಶತಮಾನದ ಶ್ರೇಷ್ಠ ಹಾಡುಗಳ ಸಾಲಿನಲ್ಲಿ ಹಿಂಜರಿಯದೆ ಇಡುತ್ತೇನೆ. ಅದೇ ವರ್ಷ ಆಕೆಗೆ ಮೆಕಾರ್ಥರ್ ಫೆಲೋಶಿಪ್ ಸಿಕ್ಕಿತು. ಬಿಯಾನ್ಸೆ 2024ರಲ್ಲಿ ‘ಟೆಕ್ಸಸ್ ಹೋಲ್ಡ್ ಎಮ್’ ಹಾಡನ್ನು ಹೊರತಂದಾಗ ಆರಂಭದಲ್ಲೇ ಕೇಳಿಸುವ ಬ್ಯಾಂಜೊ ಕೂಡ ಗಿಡೆನ್ಸ್ ಅವರದೇ.

ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಹೆಸರು ಈ ಸಂಗೀತದ ಕತೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 1945ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಿಗಾರ್ ಕಾರ್ಖಾನೆಯಲ್ಲಿ ಮುಷ್ಕರ ನಡೆಯಿತು. ಮುಂಚೂಣಿಯಲ್ಲಿ ಕಪ್ಪು ಹೆಣ್ಣುಮಕ್ಕಳು. ದಿನದ ಧರಣಿ ಮುಗಿಯುವಾಗ ಲೂಸಿಲ್ ಸಿಮನ್ಸ್ ಎಂಬಾಕೆ ಚರ್ಚಿನ ಹಾಡೊಂದನ್ನು ನಿಧಾನವಾಗಿ ಎಳೆದು ಹಾಡುತ್ತಿದ್ದರು. ಅವರಿಂದ ಟೆನೆಸಿಯ ಹೈಲ್ಯಾಂಡರ್ ಜಾನಪದ ಶಾಲೆಯ ಜಿಲ್ಫಿಯಾ ಹಾರ್ಟನ್ ಕಲಿತರು, ಹಾರ್ಟನ್‌ರಿಂದ ಗಾಯಕ ಪೀಟ್ ಸೀಗರ್ ಕಲಿತರು. 1960ರಲ್ಲಿ ಗಾಯಕ ಗೈ ಕ್ಯಾರವಾನ್ ರಾಲಿ ನಗರದ ವಿದ್ಯಾರ್ಥಿ ಹೋರಾಟಗಾರರ ಸಭೆಯಲ್ಲಿ ಹಾಡಿದ ಮೇಲೆ ಅದು ‘ವಿ ಶಲ್ ಓವರ್‌ಕಮ್’ ಆಗಿ ಜಗತ್ತು ಸುತ್ತಿತು. ಕರ್ನಾಟಕದ ಶಾಲೆಗಳಲ್ಲಿ, ಚಳವಳಿಗಳ ಸಭೆಗಳಲ್ಲಿ ಕೈ ಕೈ ಹಿಡಿದು ಕನ್ನಡದಲ್ಲಿ ಹಾಡುವ ಹಾಡು ಇದೇ. ನಮ್ಮಲ್ಲಿ ಅದನ್ನು ಹಾಡಿದ ಎಷ್ಟೋ ಮಂದಿಗೆ ಸಿಗಾರ್ ಕಾರ್ಖಾನೆಯ ಆ ಹೆಣ್ಣುಮಕ್ಕಳ ಸುದ್ದಿ ತಲುಪಿಲ್ಲ, ತಲುಪಬೇಕು. ಹಾಡಿನ ಹಕ್ಕಿನ ವ್ಯಾಜ್ಯ ಮುಗಿದು, 2018ರಲ್ಲಿ ಅದು ಎಲ್ಲರ ಸೊತ್ತಾಯಿತು.

ಅದೇ ಚಾರ್ಲ್ಸ್‌ಟನ್‌ನಲ್ಲಿ 1807ರಲ್ಲಿ ಒಮರ್ ಇಬ್ನ್ ಸಯೀದ್ ಎಂಬ ವಿದ್ವಾಂಸನನ್ನು ಹರಾಜು ಹಾಕಿದ್ದರು. ಇಂದಿನ ಸೆನೆಗಲ್‌ನ ಫೂಟಾ ಟೋರೊ ಸೀಮೆಯವನು, ಇಪ್ಪತ್ತೈದು ವರ್ಷ ಓದಿದ್ದವನು. ಒಡೆಯನಿಂದ ತಪ್ಪಿಸಿಕೊಂಡು ನಾರ್ತ್ ಕೆರೊಲಿನಾಕ್ಕೆ ಓಡಿಬಂದು ಜೈಲು ಸೇರಿದ. ಜೈಲಿನ ಗೋಡೆಯ ಮೇಲೆ ಆತ ಬರೆದ ಅರಬ್ಬಿ ಅಕ್ಷರ ಕಂಡು ಜನ ಬೆರಗಾದರು. 1831ರಲ್ಲಿ ತನ್ನ ಆತ್ಮಕತೆಯನ್ನು ಅರಬ್ಬಿಯಲ್ಲಿ ಬರೆದ. ಆ ಹಸ್ತಪ್ರತಿ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಆತನ ಮೇಲೆ ಒಪೆರಾ ಬರೆಯುವಂತೆ ಚಾರ್ಲ್ಸ್‌ಟನ್‌ನ ಸ್ಪೊಲೆಟೊ ಕಲಾ ಉತ್ಸವದವರು ಗಿಡೆನ್ಸ್ ಅವರನ್ನು ಕೇಳಿದರು.

ಓಬರ್ಲಿನ್‌ನಲ್ಲಿ ಪಡೆದದ್ದೂ ಮೆಬಿನ್‌ನಲ್ಲಿ ಪಡೆದದ್ದೂ ಒಂದೇ ಕೆಲಸಕ್ಕೆ ಬಂದದ್ದು ಆಗ. ಸಾಹಿತ್ಯವನ್ನು ಆಕೆಯೇ ಬರೆದರು. ಹಾಡುಗಳನ್ನು ತಾವೇ ಹಾಡಿ ಧ್ವನಿಮುದ್ರಿಸಿ ಜೊತೆ ಸಂಯೋಜಕರಾದ ಮೈಕೆಲ್ ಏಬಲ್ಸ್ ಅವರಿಗೆ ಕಳಿಸಿದರು, ಏಬಲ್ಸ್ ಅದನ್ನು ಪೂರ್ಣ ವಾದ್ಯವೃಂದಕ್ಕೆ ಬೆಳೆಸಿದರು. ಕಾಗದಕ್ಕೆ ಮುಂಚೆ ದನಿ, ದನಿಯ ಹಿಂದೆ ಕಾಗದ. ಚರ್ಚಿನ ಹಾಡು, ತೋಟದ ಕುಣಿತ, ಪಶ್ಚಿಮ ಆಫ್ರಿಕದ ಲಯಗಳು, ಒಪೆರಾದ ದೀರ್ಘ ಏಕಾಂತ ಗಾಯನ ಇವೆಲ್ಲ ಅದರಲ್ಲಿ ಒಂದರ ಪಕ್ಕ ಒಂದು ನಿಲ್ಲುತ್ತವೆ. ಕೋವಿಡ್‌ನಿಂದ ಮುಂದಕ್ಕೆ ಹೋಗಿದ್ದ ಮೊದಲ ಪ್ರದರ್ಶನ 2022ರ ಮೇ ತಿಂಗಳಲ್ಲಿ, ಒಮರ್‌ನನ್ನು ಮಾರಿದ ಅದೇ ಊರಿನ ರಂಗಮಂದಿರದಲ್ಲಿ ನಡೆಯಿತು. ಮುಖ್ಯ ಪಾತ್ರದಲ್ಲಿ ಜೇಮ್ಸ್ ಮೆಕಾರ್ಕಲ್ ಹಾಡಿದರು. 2023ರಲ್ಲಿ ‘ಒಮರ್’ಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು.

ಗಿಡೆನ್ಸ್ ಇಂದಿಗೂ ಸಂದರ್ಶನಗಳಲ್ಲಿ, ವೇದಿಕೆಗಳಲ್ಲಿ ಜೋ ಥಾಂಪ್ಸನ್ ಅವರ ಹೆಸರು ಎತ್ತುತ್ತಾರೆ. 2025ರಲ್ಲಿ ಜಸ್ಟಿನ್ ರಾಬಿನ್‌ಸನ್ ಜೊತೆಗೂಡಿ ನಾರ್ತ್ ಕೆರೊಲಿನಾದ ಹಳೆಯ ಗತ್ತುಗಳ ಧ್ವನಿಮುದ್ರಿಕೆ ತಂದರು. ಪಿಟೀಲು ಮತ್ತು ಬ್ಯಾಂಜೊ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ. ಬಯಲಿನಲ್ಲಿ ಕೂತು ನುಡಿಸಿದ್ದರಿಂದ ಸುತ್ತಲಿನ ಹಕ್ಕಿಗಳ, ಕೀಟಗಳ ಸದ್ದೂ ಅದರೊಳಗೆ ಸೇರಿದೆ. ಬ್ಯಾಂಜೊ ಕಲಿಯಹೊರಟ ಯಾರೇ ಆಗಲಿ, ಎರಡು ವಾದ್ಯ ಒಂದರ ಮಾತಿಗೆ ಇನ್ನೊಂದು ಹೇಗೆ ಕಿವಿಗೊಡುತ್ತದೆ ಎಂದು ತಿಳಿಯಲು ಮೊದಲು ಅದನ್ನೇ ಕೇಳಲಿ, ಆಮೇಲೆ ಥಾಂಪ್ಸನ್ ಮತ್ತು ಓಡೆಲ್ ನುಡಿಸಿದ ಹಳೆಯ ಧ್ವನಿಮುದ್ರಣಗಳಿಗೆ ಹೋಗಲಿ.